ಮನೆಯ ಭದ್ರಕೋಠಿ ಮತ್ತು ಹಲವು ಬೀಗದ ಕೈಗಳು

ಮುಂಬಯಿಯ ಫೋರ್ಟ್ ವಿಭಾಗದಲ್ಲಿ ಇಂದು ಕೋಟೆಯಿಲ್ಲ. ಹೆಸರು ಮಾತ್ರ ಉಳಿದಿದೆ. ಈಸ್ಟ್ ಇಂಡಿಯಾ ಕಂಪನಿಯವರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಆ ಕೋಟೆಗೋಡೆಗೆ ಮೂರು ದ್ವಾರಗಳಿದ್ದುವು: ಅಪೋಲೋ ಗೇಟ್, ಚರ್ಚ್ ಗೇಟ್ ಮತ್ತು ಬಜಾರ್ ಗೇಟ್. ನಗರವು ಬೆಳೆದು ಗೋಡೆಯು ಗಾಳಿಗೂ ಸಂಚಾರಕ್ಕೂ ಅಡ್ಡಿಯಾದಾಗ, ಗವರ್ನರ್ ಬಾರ್ಟಲ್ ಫ್ರೇರರ ಆಡಳಿತಕಾಲದಲ್ಲಿ, 1860ರ ದಶಕದಲ್ಲಿ, ಅದನ್ನು ಕೆಡವಲಾಯಿತು. ಚರ್ಚ್ ಗೇಟ್ ಇದ್ದ ಎಡೆಯಲ್ಲಿ 1864ರಲ್ಲಿ ಫ್ಲೋರಾ ಫೌಂಟನ್ ತಲೆಯೆತ್ತಿತು. ಸೇಂಟ್ ಜಾರ್ಜ್ ಆಸ್ಪತ್ರೆಯ ಪರಿಸರದಲ್ಲಿ ಉಳಿದಿರುವ ಹಳೆಯ ಕಲ್ಲುಗೋಡೆಯ ತುಣುಕೊಂದೇ ಈಗ ಆ ಕಾಲದ ಸಾಕ್ಷಿ.

ಗೋಡೆಯು ಹೋದರೂ ಕಾವಲಿನ ಕಾರ್ಯವು ಫೋರ್ಟನ್ನು ಬಿಟ್ಟು ಹೋಗಲಿಲ್ಲ. ರಿಸರ್ವ್ ಬ್ಯಾಂಕು, ಷೇರುಪೇಟೆ, ನೂರಾರು ಬ್ಯಾಂಕು ಶಾಖೆಗಳು ಮತ್ತು ವಿಮಾ ಕಚೇರಿಗಳು ಇಲ್ಲಿ ನೆಲೆಸಿದುವು; ಕಾವಲು ಬೀದಿಯಿಂದ ಒಳಗೆ ಸರಿದು ಭದ್ರಕೋಠಿಯ ಉಕ್ಕಿನ ಬಾಗಿಲನ್ನು ಸೇರಿತು. ಹಗಲು ಈ ಕಚೇರಿಗಳಲ್ಲಿಯೂ ಉಪಾಹಾರ ಗೃಹಗಳಲ್ಲಿಯೂ ದುಡಿದು, ರಾತ್ರಿ ಇಲ್ಲಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಬಾಳನ್ನು ಕಟ್ಟಿಕೊಂಡ ಕನ್ನಡಿಗರು ಅಸಂಖ್ಯರು. ಪರರ ಸೊತ್ತನ್ನು ಲೆಕ್ಕತಪ್ಪದೆ ಕಾಯುವ ವಿದ್ಯೆಯಲ್ಲಿ ಅವರು ನುರಿತವರು. ಆದರೆ ಸ್ವಂತ ಮನೆಯ ಕಾಗದಪತ್ರಗಳ ವಿಷಯದಲ್ಲಿ ಅದೇ ಜನರು ತೋರುವ ಔದಾಸೀನ್ಯವು ಆಶ್ಚರ್ಯಕರವಾದುದು.

ಟ್ರಂಕಿನಿಂದ ಯಂತ್ರಕ್ಕೆ

ಫೋರ್ಟಿನ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿದ ಹಿರಿಯರೊಬ್ಬರ ಸಂಸಾರವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಹಿರಿಯ ಮಗ ಗೋರೆಗಾಂವದಲ್ಲಿ, ಮಗಳು ಬೆಂಗಳೂರಿನಲ್ಲಿ, ಕಿರಿಯ ಮಗ ದುಬೈಯಲ್ಲಿ. ಮನೆಯ ಮಂಚದ ಅಡಿಯ ತಗಡಿನ ಟ್ರಂಕಿನಲ್ಲಿ ರಾತ್ರಿಶಾಲೆಯ ಸರ್ಟಿಫಿಕೇಟು, ಊರಿನ ಜಮೀನಿನ ಪಹಣಿ, ಹೌಸಿಂಗ್ ಸೊಸೈಟಿಯ ಷೇರುಪತ್ರ. ಗೋದ್ರೇಜ್ ಕಪಾಟಿನ ಪ್ಲಾಸ್ಟಿಕ್ ಚೀಲವೊಂದರಲ್ಲಿ ಹನ್ನೆರಡು ವರ್ಷಗಳ ಆಸ್ಪತ್ರೆಯ ಕಾಗದಗಳು. ಯಾವ ಚೀಲದಲ್ಲಿ ಯಾವುದಿದೆ ಎಂಬುದು ಮನೆಯ ಗೃಹಿಣಿಗೆ ಮಾತ್ರ ಗೊತ್ತು. ಆಕೆ ಊರಿಗೆ ಹೋದ ದಿನ ಅದು ಯಾರಿಗೂ ಗೊತ್ತಿಲ್ಲ.

ಈ ಚೀಲದ ಬೆಲೆಯು ತಿಳಿಯುವುದು ಮಧ್ಯರಾತ್ರಿಯಲ್ಲಿ. ಎದೆನೋವಿನಿಂದ ಬಂದ ರೋಗಿಯ ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಕಂಡಾಗ, ಅದು ಇಂದು ಉಂಟಾದುದೋ ಅಥವಾ ವರ್ಷಗಳಿಂದ ಇದ್ದುದೋ ಎಂದು ನಿರ್ಣಯಿಸಲು ಹಳೆಯ ಇ.ಸಿ.ಜಿ. ವೈದ್ಯರಿಗೆ ದೊಡ್ಡ ನೆರವು. ರೋಗಿಯು ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟುವಿಕೆಯನ್ನು ತಡೆಯುವ ಔಷಧ ಸೇವಿಸುತ್ತಿರುವನೇ, ಪೆನಿಸಿಲಿನ್ ಆತನಿಗೆ ಒಗ್ಗುವುದೇ, ಮೂತ್ರಪಿಂಡಗಳ ಸ್ಥಿತಿಯನ್ನು ಸೂಚಿಸುವ ಕ್ರಿಯಾಟಿನಿನ್ ಪ್ರಮಾಣ ಕಳೆದ ಸಲ ಎಷ್ಟಿತ್ತು, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ಚಿಕಿತ್ಸೆಯ ದಾರಿಯೇ ಬದಲಾಗಬಹುದು.

ಆಸ್ಪತ್ರೆಯಲ್ಲಿ ಎಲ್ಲವೂ ಇರುತ್ತದೆ ಎಂಬ ಭರವಸೆಯೂ ಪೂರ್ಣವಾಗಿ ಸರಿಯಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ವೈದ್ಯರು ಕಾಪಾಡಬೇಕಾದುದು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳ ಕಾಲ. ರೋಗಿಯು ಕೇಳಿದಲ್ಲಿ 72 ಗಂಟೆಗಳೊಳಗೆ ಪ್ರತಿಯನ್ನು ಒದಗಿಸಬೇಕು. ಹತ್ತು ವರ್ಷಗಳ ಹಿಂದಿನ ಶಸ್ತ್ರಚಿಕಿತ್ಸೆಯ ವಿವರವನ್ನು ಉಳಿಸಿಕೊಳ್ಳುವ ಹೊಣೆ ಕೊನೆಗೆ ಮನೆಯವರದೇ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ಆರೋಗ್ಯ ಖಾತೆಯನ್ನು ನೀಡುತ್ತಿದೆ. ಅದನ್ನು ಮಾಡಿಸಿಕೊಳ್ಳುವುದು ಲೇಸು. ಆದರೆ ಕೈಬರಹದ ಹಳೆಯ ಚೀಟಿಗಳು ತಾವಾಗಿಯೇ ಅಲ್ಲಿಗೆ ನಡೆದುಹೋಗುವುದಿಲ್ಲ.

ಆದುದರಿಂದ ಅನೇಕ ಕುಟುಂಬಗಳಲ್ಲಿ ತಿಳಿದ ತರುಣರು ಮನೆಯಲ್ಲಿಯೇ ಒಂದು ಚಿಕ್ಕ ಸರ್ವರನ್ನು ಸ್ಥಾಪಿಸುತ್ತಿದ್ದಾರೆ. ಸರ್ವರ್ ಎಂದರೆ ಭಾರೀ ಯಂತ್ರವೆಂದು ಹೆದರಬೇಕಾಗಿಲ್ಲ. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರ್, ಅಥವಾ ಅಂಗೈಯಗಲದ ರಾಸ್‌ಬೆರಿ ಪೈ, ಅದಕ್ಕೊಂದು ಲಿನಕ್ಸ್ ವ್ಯವಸ್ಥೆ, ಒಂದೆರಡು ಡಿಸ್ಕುಗಳು, ವಿದ್ಯುತ್ ಹೋದಾಗ ಆಧಾರವಾಗುವ ಒಂದು ಯು.ಪಿ.ಎಸ್. ಇದ್ದರೆ ಸಾಕು. ಕಷ್ಟವಿರುವುದು ಯಂತ್ರದಲ್ಲಿ ಅಲ್ಲ. ಡೊಂಬಿವಲಿಯ ಒಂದೇ ಪೆಟ್ಟಿಗೆಯನ್ನು ಮೂರು ಊರುಗಳ ಐದಾರು ಜನರು ಬಳಸುವಾಗ ಯಾರು ಏನನ್ನು ನೋಡಬಹುದು, ಯಾರು ಏನನ್ನು ಬದಲಾಯಿಸಬಹುದು ಎಂಬುದನ್ನು ಗೊತ್ತುಪಡಿಸುವುದರಲ್ಲಿ ಕಷ್ಟವಿದೆ.

ಫೋರ್ಟಿನಲ್ಲಿ ತೆರೆದ ಬಾಗಿಲು

ಹಲವರು ದೂರದಿಂದ ಒಂದೇ ಯಂತ್ರವನ್ನು ಹಂಚಿಕೊಳ್ಳುವ ಪದ್ಧತಿಯನ್ನು ಮುಂಬಯಿಯ ಸಾಮಾನ್ಯ ಜನರು ಕಂಡದ್ದು ಫೋರ್ಟಿನ ಮೂಲಕವೇ ಎಂದರೆ ತಪ್ಪಾಗದು. ಮಹಾತ್ಮಾ ಗಾಂಧಿ ರಸ್ತೆಯ ವಿದೇಶ ಸಂಚಾರ ಭವನವನ್ನು ಆ ದಾರಿಯಲ್ಲಿ ನಡೆದಾಡಿದವರೆಲ್ಲರೂ ಬಲ್ಲರು. ಅಂದಿನ ಸರಕಾರಿ ಸಂಸ್ಥೆಯಾದ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ಆರಂಭಿಸಿತು. 2002ರಲ್ಲಿ ಟಾಟಾ ಸಮೂಹದ ವಶಕ್ಕೆ ಬಂದ ಈ ಸಂಸ್ಥೆಗೆ 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂಬ ಹೆಸರಾಯಿತು.

ಆರಂಭದ ಆ ವರ್ಷಗಳಲ್ಲಿ ಅಗ್ಗದ ಸೌಲಭ್ಯವೆಂದರೆ ಅಕ್ಷರಗಳು ಮಾತ್ರ ಕಾಣುವ ಶೆಲ್ ಖಾತೆ. ಟೆಲಿಫೋನ್ ತಂತಿಯ ಮೂಲಕ ನಿಗಮದ ಯುನಿಕ್ಸ್ ಯಂತ್ರವನ್ನು ತಲುಪಿ, ಹೆಸರು ಮತ್ತು ಗುಪ್ತಪದವನ್ನು ಕೊಟ್ಟರೆ, ಆ ಗ್ರಾಹಕನಿಗೆಂದೇ ಮೀಸಲಾದ ಒಂದು ಪುಟ್ಟ ಕೋಣೆ ತೆರೆಯುತ್ತಿತ್ತು. ಒಂದೇ ಯಂತ್ರದಲ್ಲಿ ಸಾವಿರಾರು ಖಾತೆಗಳು. ಒಬ್ಬನ ಕಡತ ಮತ್ತೊಬ್ಬನ ಕಣ್ಣಿಗೆ ಬೀಳುವಂತಿರಲಿಲ್ಲ. ವೇಗವೋ, ಸೆಕೆಂಡಿಗೆ 9,600 ಬಿಟ್‌ಗಳು. ಆ ಲೆಕ್ಕದಲ್ಲಿ ಒಂದು ಮೆಗಾಬೈಟ್ ಕಡತ ಮನೆ ಸೇರಲು ಸುಮಾರು ಕಾಲು ಗಂಟೆ. ಹತ್ತು ಮೆಗಾಬೈಟಿನ ಒಂದು ಕ್ಷ-ಕಿರಣ ಚಿತ್ರಕ್ಕೆ ಎರಡೂವರೆ ಗಂಟೆ. ಸೆಕೆಂಡಿಗೆ ಹತ್ತು ಕೋಟಿ ಬಿಟ್‌ಗಳ ಇಂದಿನ ಸಂಪರ್ಕದಲ್ಲಿ ಅದೇ ಚಿತ್ರಕ್ಕೆ ಒಂದು ಸೆಕೆಂಡೂ ಬೇಡ. ವೇಗವು ಹತ್ತು ಸಾವಿರ ಪಟ್ಟು ಹೆಚ್ಚಿತು. ಆದರೆ ಒಬ್ಬೊಬ್ಬನಿಗೂ ಪ್ರತ್ಯೇಕ ಕೋಣೆ ಎಂಬ ಅಂದಿನ ಶಿಸ್ತು ಇಂದಿಗೂ ಬದಲಾಗಬೇಕಾದುದಲ್ಲ.

ಕಡತ ವರ್ಗಾವಣೆಯ ನಿಯಮಾವಳಿಯಾದ ಎಫ್.ಟಿ.ಪಿ.ಯ ಮೂಲದಲ್ಲಿ ಭಾರತೀಯರೊಬ್ಬರಿದ್ದಾರೆ ಎಂಬುದು ಅಭಿಮಾನದ ಸಂಗತಿ. ಅಲಹಾಬಾದಿನವರಾದ, ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ 1965ರಲ್ಲಿ ಪದವಿ ಪಡೆದ ಅಭಯ್ ಭೂಷಣ್ ಅವರು ಅಮೆರಿಕೆಯ ಎಂ.ಐ.ಟಿ.ಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಅದರ ಮೊದಲ ಕರಡನ್ನು ಬರೆದರು. 1985ರ ಅಕ್ಟೋಬರ್‌ನಲ್ಲಿ ಅದಕ್ಕೆ ಬಹುಕಾಲ ಬಾಳಿದ ರೂಪ ದೊರೆಯಿತು. ಪರಸ್ಪರ ಪರಿಚಿತರಾದ ವಿದ್ವಾಂಸರ ಬಳಕೆಗೆ ಹುಟ್ಟಿದ ಆ ಪದ್ಧತಿಯಲ್ಲಿ ಬಳಕೆದಾರನ ಗುಪ್ತಪದವೂ ಕಡತವೂ ಯಾವ ಮುಸುಕೂ ಇಲ್ಲದೆ ತಂತಿಯಲ್ಲಿ ಸಾಗುತ್ತವೆ. ಅಂಚೆ ಕಾರ್ಡಿನ ಮೇಲೆ ಲಾಕರಿನ ಗುಟ್ಟನ್ನು ಬರೆದು ಕಳುಹಿಸಿದಂತೆ. ದಾರಿಯಲ್ಲಿ ಕೈಯಾಡಿಸಿದವರೆಲ್ಲ ಓದಬಹುದು.

1995ರಲ್ಲಿಯೇ, ಫೋರ್ಟಿನ ಸೇವೆ ಆರಂಭವಾಗುವುದಕ್ಕೆ ಒಂದು ತಿಂಗಳ ಮುಂಚೆ, ಫಿನ್ಲೆಂಡಿನ ತಾತು ಯ್ಲೋನೆನ್ ಎಂಬ ಸಂಶೋಧಕರು ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದಾಲಿಸಿದ್ದೇ ಅದಕ್ಕೆ ಪ್ರೇರಣೆ. ಎಸ್.ಎಸ್.ಎಚ್. ಎಂಬ ಆ ವಿಧಾನದಲ್ಲಿ ಮಾತುಕತೆಯೆಲ್ಲವೂ ಸಂಕೇತಲಿಪಿಯಲ್ಲಿ ನಡೆಯುತ್ತದೆ. ಅದರ ಅಂಗವಾಗಿ ಮುಂದೆ ಬಂದ ಕಡತ ವರ್ಗಾವಣೆಯ ವಿಧಾನವೇ ಎಸ್.ಎಫ್.ಟಿ.ಪಿ. ಹೆಸರಿನಲ್ಲಿ ಹೋಲಿಕೆಯಿದ್ದರೂ ಇದು ಹಳೆಯದರ ತಿದ್ದುಪಡಿಯಲ್ಲ, ಬೇರೆಯೇ ರಚನೆ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳು ಹಳೆಯ ಎಫ್.ಟಿ.ಪಿ.ಯನ್ನು 2021ರಲ್ಲಿ ಕೈಬಿಟ್ಟುವು. ಇಂದು ಹೊಸದಾಗಿ ಸರ್ವರ್ ಹೂಡುವ ಗೃಹಸ್ಥನು ಎಸ್.ಎಫ್.ಟಿ.ಪಿ.ಯನ್ನೇ ಆರಿಸಿಕೊಳ್ಳುವುದು ವಿಹಿತ.

ಒಂದು ಖಾತೆಗೆ ಒಬ್ಬನೇ ಒಡೆಯ

ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಒಂದೇ ಖಾತೆ, ಒಂದೇ ಗುಪ್ತಪದ, ಅದು ಮಕ್ಕಳಿಗೂ ಅಳಿಯನಿಗೂ ಸೊಸೆಗೂ ಗೊತ್ತು. ಆರು ತಿಂಗಳ ನಂತರ ತಂದೆಯ ಔಷಧದ ಪಟ್ಟಿಯಲ್ಲಿ ಒಂದು ಸಾಲು ಮಾಯವಾದರೆ ಅಳಿಸಿದವರು ಯಾರೆಂದು ತಿಳಿಯುವಂತಿಲ್ಲ. ಒಬ್ಬರ ಮೊಬೈಲ್ ರೈಲಿನಲ್ಲಿ ಕಳುವಾದರೆ ಎಲ್ಲರ ಗುಪ್ತಪದವನ್ನೂ ಬದಲಾಯಿಸಬೇಕು. ಇಡೀ ಬ್ಯಾಂಕಿನ ಗ್ರಾಹಕರಿಗೆ ಒಂದೇ ಪಾಸುಬುಕ್ಕನ್ನು ಕೊಟ್ಟರೆ ಹೇಗಾದೀತೋ ಇದೂ ಹಾಗೆಯೇ.

ಆದುದರಿಂದ ಮೊದಲನೆಯ ನಿಯಮ: ಬಳಸುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ. ತಂದೆಗೆ ಒಂದು, ತಾಯಿಗೆ ಒಂದು, ಮಕ್ಕಳಿಗೆ ಒಂದೊಂದು. ಯಂತ್ರದ ಮೇಲ್ವಿಚಾರಕನ ಸರ್ವಾಧಿಕಾರದ ಖಾತೆ ಬೇರೆ. ದಿನದ ಬಳಕೆಗೆ ಅದನ್ನು ಮುಟ್ಟಬಾರದು, ಹೊರಗಿನಿಂದ ಅದರಲ್ಲಿ ಪ್ರವೇಶಿಸಲು ಬಿಡಬಾರದು. ಮ್ಯಾನೇಜರರು ಭದ್ರಕೋಠಿಯ ಕೀಲಿಯಿಂದ ತಮ್ಮ ಮೇಜಿನ ಸೆಳೆಖಾನೆಯನ್ನು ತೆರೆಯುವುದಿಲ್ಲವಷ್ಟೆ.

ಎರಡನೆಯ ನಿಯಮ: ಖಾತೆದಾರರಿಗೆ ಕಡತಗಳ ಕೊಡುಕೊಳೆಯ ಹಕ್ಕು ಮಾತ್ರ ಸಾಕು, ಯಂತ್ರಕ್ಕೆ ಆಜ್ಞೆಗಳನ್ನು ಕೊಡುವ ಹಕ್ಕು ಬೇಡ. ಎಲ್ಲೆಡೆ ಬಳಕೆಯಲ್ಲಿರುವ ಓಪನ್ ಎಸ್.ಎಸ್.ಎಚ್. ಎಂಬ ಉಚಿತ ತಂತ್ರಾಂಶದಲ್ಲಿ 2008ರಿಂದ ಇದಕ್ಕೆ ಸುಲಭವಾದ ಏರ್ಪಾಡಿದೆ. ಒಂದು ಗುಂಪಿಗೆ ಸೇರಿದವರನ್ನೆಲ್ಲ ಒಂದು ನಿಗದಿತ ಕೋಶದೊಳಗೆ ಮಾತ್ರ ಬಿಟ್ಟು, ಅದರ ಗೋಡೆಯ ಆಚೆಗೆ ಇಣುಕದಂತೆ ಮಾಡಬಹುದು. ಇಲ್ಲಿ ಹೊಸಬರು ಬಹುತೇಕ ಎಲ್ಲರೂ ಎಡವುವ ಒಂದು ಸ್ಥಳವಿದೆ. ಆ ಕೋಶವೂ ಅದರ ಮೇಲಿನ ಕೋಶಗಳೆಲ್ಲವೂ ಮೇಲ್ವಿಚಾರಕನ ಒಡೆತನದಲ್ಲಿಯೇ ಇರಬೇಕು. ಬೇರೆ ಯಾರಿಗೂ ಅಲ್ಲಿ ಬರೆಯುವ ಹಕ್ಕಿರಬಾರದು. ಇಲ್ಲದಿದ್ದರೆ ತಂತ್ರಾಂಶವು ಪ್ರವೇಶವನ್ನೇ ನಿರಾಕರಿಸುತ್ತದೆ. ಬಳಕೆದಾರನು ಬರೆಯಬೇಕಾದ ಕೋಶವನ್ನು ಅದರ ಒಳಗೆ ಪ್ರತ್ಯೇಕವಾಗಿ ನಿರ್ಮಿಸಬೇಕು. ಲಾಕರು ಗ್ರಾಹಕನ ಬಳಕೆಗೆ. ಆದರೆ ಭದ್ರಕೋಠಿಯ ಗೋಡೆ ಬ್ಯಾಂಕಿನದು. ಈ ಭೇದವನ್ನು ನೆನಪಿಟ್ಟುಕೊಂಡರೆ ಗೊಂದಲಕ್ಕೆ ಎಡೆಯಿಲ್ಲ.

ಓದುವ ಹಕ್ಕು, ಬರೆಯುವ ಹಕ್ಕು

ಯುನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಪ್ರತಿಯೊಂದು ಕಡತಕ್ಕೂ ಕೋಶಕ್ಕೂ ಮೂರು ವರ್ಗದ ಜನರಿರುತ್ತಾರೆ: ಒಡೆಯ, ಗುಂಪು ಮತ್ತು ಇತರರು. ಪ್ರತಿ ವರ್ಗಕ್ಕೂ ಮೂರು ಹಕ್ಕುಗಳು: ಓದುವುದಕ್ಕೆ 4, ಬರೆಯುವುದಕ್ಕೆ 2, ಕೋಶದ ಒಳಗೆ ಪ್ರವೇಶಿಸುವುದಕ್ಕೆ 1. ಇವುಗಳನ್ನು ಕೂಡಿಸಿದ ಮೊತ್ತವೇ ಆ ವರ್ಗದ ಅಧಿಕಾರ. 750 ಎಂದರೆ ಒಡೆಯನಿಗೆ ಏಳು, ಅಂದರೆ ಸಂಪೂರ್ಣ ಹಕ್ಕು, ಗುಂಪಿಗೆ ಐದು, ಅಂದರೆ ಒಳಹೊಕ್ಕು ಓದಬಹುದು, ಬದಲಾಯಿಸುವಂತಿಲ್ಲ, ಇತರರಿಗೆ ಸೊನ್ನೆ. 770 ಎಂದರೆ ಗುಂಪಿನವರೂ ಬರೆಯಬಹುದು. ಜಮಾಖರ್ಚು ಬಲ್ಲವರಿಗೆ ಈ ಗಣಿತವು ಐದು ನಿಮಿಷದ ಕಲಿಕೆ.

ಮೇಲೆ ಹೇಳಿದ ಡೊಂಬಿವಲಿಯ ಮನೆಗೆ ಇದನ್ನು ಅನ್ವಯಿಸಬಹುದು. ಜಮೀನು, ಮನೆ, ಮದುವೆಯ ಚಿತ್ರಗಳು ಇತ್ಯಾದಿಗಳಿಗೆ ‘ಸಾಮಾನ್ಯ’ ಎಂಬ ಕೋಶ. ಅದಕ್ಕೆ ಒಡೆಯನು ಹಿರಿಯ ಮಗ, ಗುಂಪು ‘ಕುಟುಂಬ’, ಹಕ್ಕು 750. ಎಲ್ಲರೂ ಓದಬಹುದು, ಬದಲಾಯಿಸುವವನು ಒಬ್ಬನೇ. ಎಲ್ಲರೂ ಹೊಸ ಕಾಗದಗಳನ್ನು ತಂದು ಹಾಕಲು ‘ಆವಕ’ ಎಂಬ ಬೇರೊಂದು ಕೋಶ, ಹಕ್ಕು 770. ಇಂತಹ ಹಂಚಿಕೆಯ ಕೋಶಕ್ಕೆ ಮುಂದೆ ಒಂದು 2 ಸೇರಿಸಿ 2770 ಎಂದು ಗುರುತಿಸಿದರೆ, ಒಳಗೆ ಹುಟ್ಟುವ ಪ್ರತಿಯೊಂದು ಹೊಸ ಕಡತವೂ ಹಾಕಿದವನ ಸ್ವಂತ ಗುಂಪಿನ ಬದಲು ಕುಟುಂಬದ ಗುಂಪಿಗೆ ಸೇರುತ್ತದೆ. ಇದನ್ನು ಮರೆತುದರಿಂದ, ಮಗಳು ಬೆಂಗಳೂರಿನಿಂದ ಕಳುಹಿಸಿದ ಕಡತವನ್ನು ಮಗನು ತೆರೆಯಲಾರದೆ ಪರದಾಡುವುದು ನಿತ್ಯದ ಅನುಭವ. ಹೊಸ ಕಡತಗಳಲ್ಲಿ ಗುಂಪಿಗೂ ಬರೆಯುವ ಹಕ್ಕು ಇರಬೇಕಾದರೆ ಉಮಾಸ್ಕ್ ಎಂಬ ಪೂರ್ವನಿಗದಿಯನ್ನೂ ಸರಿಪಡಿಸಬೇಕು.

ತಂದೆಯ ಆರೋಗ್ಯದ ಕಡತಗಳ ವಿಷಯ ಸ್ವಲ್ಪ ಸೂಕ್ಷ್ಮ. ಒಡೆಯರು ತಂದೆಯೇ. ಆಸ್ಪತ್ರೆಗೆ ಕರೆದೊಯ್ಯುವ ಹಿರಿಯ ಮಗ ಓದಬೇಕು ಮತ್ತು ಬರೆಯಬೇಕು, ಬೆಂಗಳೂರಿನ ಮಗಳು ಓದಬೇಕು, ಉಳಿದವರಿಗೆ ಬೇಡ. ಒಡೆಯ, ಗುಂಪು, ಇತರರು ಎಂಬ ಮೂರೇ ವರ್ಗಗಳಿಗೆ ಈ ಹಂಚಿಕೆ ನಿಲುಕದು. ಇದಕ್ಕಾಗಿ ಎ.ಸಿ.ಎಲ್. ಎಂಬ ಹಕ್ಕುಪಟ್ಟಿಯಿದೆ, ಅದರಲ್ಲಿ ವ್ಯಕ್ತಿವ್ಯಕ್ತಿಗೂ ಬೇರೆ ಬೇರೆ ಹಕ್ಕನ್ನು ನಮೂದಿಸಬಹುದು.

ಮನೆಯವರಲ್ಲಿ ಇಷ್ಟು ಬಿಗಿ ಏಕೆ ಎಂದು ಕೇಳುವವರುಂಟು. ಉತ್ತರ ಕಠಿಣವಾದರೂ ಸತ್ಯ: ರೋಗದ ಕಾಗದವು ಮನುಷ್ಯನ ಮಾನಕ್ಕೆ ಸಂಬಂಧಿಸಿದ್ದು. ಮನೋರೋಗ ತಜ್ಞರನ್ನು ಕಂಡ ಮಗನ ಚೀಟಿ, ಸೊಸೆಯ ಗರ್ಭಪಾತದ ವರದಿ, ತಂದೆಯ ಯಕೃತ್ತಿನ ಪರೀಕ್ಷೆ ಇವು ಮದುವೆಮಾತುಕತೆಯ ಮನೆಗಳಲ್ಲಿ, ಊರಿನ ಜಾತ್ರೆಯ ಹರಟೆಗಳಲ್ಲಿ ಯಾವ ರೂಪ ತಾಳುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ. ಒಂದು ಸಲ ಹೊರಬಿದ್ದ ಮಾತನ್ನು ಯಾವ ಗುಪ್ತಪದವೂ ಮರಳಿ ತರಲಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ವ್ಯಕ್ತಿಯು ತನ್ನ ಸ್ವಂತ ಅಥವಾ ಗೃಹಕೃತ್ಯದ ಉದ್ದೇಶಕ್ಕೆ ಬಳಸುವ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಮನೆಯ ಹೊಸ್ತಿಲಿನೊಳಗೆ ಕಾಯಿದೆಯ ಕಾವಲಿಲ್ಲ. ಪರಸ್ಪರ ಗೌರವವೇ ಅಲ್ಲಿಯ ಕಾವಲು.

ಆದುದರಿಂದ ಹಕ್ಕುಗಳನ್ನು ಹಂಚುವ ಮೊದಲು ವೃದ್ಧರನ್ನು ಕುಳ್ಳಿರಿಸಿಕೊಂಡು ಕೇಳಬೇಕು: ಅಪ್ಪ, ಈ ವರದಿಯನ್ನು ಯಾರು ಯಾರು ನೋಡಬಹುದು? ಅಮ್ಮ, ನಿಮ್ಮ ಕಾಗದಗಳನ್ನು ಸೊಸೆಗೆ ತೋರಿಸಲೇ, ಮಗಳಿಗೆ ಮಾತ್ರವೇ? ಮಕ್ಕಳು ದುಡ್ಡು ಕೊಟ್ಟು ಯಂತ್ರವನ್ನು ತಂದರೆಂದ ಮಾತ್ರಕ್ಕೆ ತಾಯಿತಂದೆಯರ ದೇಹದ ವಿವರಗಳು ಮಕ್ಕಳ ಸೊತ್ತಾಗುವುದಿಲ್ಲ.

ಹೆಬ್ಬಾಗಿಲು ಒಂದೇ ಸಾಕು

ಪ್ರತಿಯೊಂದು ಸರ್ವರಿಗೂ ಸಂಖ್ಯೆಯಿಂದ ಗುರುತಿಸಲ್ಪಡುವ ದ್ವಾರಗಳಿರುತ್ತವೆ. ಹಳೆಯ ಎಫ್.ಟಿ.ಪಿ.ಗೆ ಮಾತುಕತೆಗೆ 21ನೆಯ ದ್ವಾರ, ಸರಕು ಸಾಗಣೆಗೆ 20ನೆಯದು ಅಥವಾ ಬೇರೆ ದ್ವಾರಗಳ ಒಂದು ಸಾಲೇ ಬೇಕು. ಎಸ್.ಎಫ್.ಟಿ.ಪಿ.ಗೆ 22ನೆಯ ಒಂದೇ ದ್ವಾರ ಸಾಕು. ದ್ವಾರಗಳು ಕಡಿಮೆಯಾದಷ್ಟೂ ಕಾವಲು ಸುಲಭ.

ಆದರೆ ಆ ಒಂದು ದ್ವಾರವನ್ನು ಬಹಿರಂಗ ಜಾಲಕ್ಕೆ ತೆರೆದಿಟ್ಟರೆ ಜಗತ್ತಿನ ನಾನಾ ಮೂಲೆಗಳ ಯಂತ್ರಗಳು ಹಗಲಿರುಳೂ ಬಂದು ಸಾಮಾನ್ಯ ಗುಪ್ತಪದಗಳನ್ನು ಒಂದೊಂದಾಗಿ ಪ್ರಯೋಗಿಸುತ್ತವೆ. ಆದುದರಿಂದ ಗುಪ್ತಪದದ ಪ್ರವೇಶವನ್ನೇ ನಿಲ್ಲಿಸಿ, ಜೋಡಿ ಕೀಲಿಯ ಪದ್ಧತಿಯನ್ನು ಅನುಸರಿಸಬೇಕು. ಇದರಲ್ಲಿ ಬಹಿರಂಗ ಕೀಲಿಯು ಸರ್ವರಿನಲ್ಲಿರುತ್ತದೆ. ಖಾಸಗಿ ಕೀಲಿಯು ಬಳಕೆದಾರನ ಸ್ವಂತ ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿರುತ್ತದೆ, ಅಲ್ಲಿಂದ ಎಂದೂ ಹೊರಗೆ ಹೋಗುವುದಿಲ್ಲ. ಒಬ್ಬನ ಮೊಬೈಲ್ ಕಳೆದರೆ ಅವನ ಒಂದು ಕೀಲಿಯನ್ನು ಸರ್ವರಿನಿಂದ ಅಳಿಸಿದರಾಯಿತು. ಉಳಿದವರಿಗೆ ಏನೂ ತೊಂದರೆಯಿಲ್ಲ.

ಇನ್ನೂ ಹೆಚ್ಚಿನ ಕ್ಷೇಮಕ್ಕೆ 22ನೆಯ ದ್ವಾರವನ್ನು ಬಹಿರಂಗಕ್ಕೆ ತೆರೆಯದೆಯೇ, ವೈರ್‌ಗಾರ್ಡಿನಂತಹ ಖಾಸಗಿ ಸುರಂಗಮಾರ್ಗವನ್ನು ನಿರ್ಮಿಸಿ, ಅದರ ಮೂಲಕ ಮಾತ್ರ ಕುಟುಂಬದವರು ಬರುವಂತೆ ಮಾಡಬಹುದು. ಇದರಿಂದ ಮತ್ತೊಂದು ಪ್ರಯೋಜನವೂ ಉಂಟು. ಅನೇಕ ಇಂಟರ್‌ನೆಟ್ ಸೇವಾದಾರರು ಹಲವಾರು ಮನೆಗಳಿಗೆ ಕೂಡಿ ಒಂದೇ ಬಹಿರಂಗ ವಿಳಾಸವನ್ನು ಕೊಟ್ಟಿರುತ್ತಾರೆ. ಚಾಳಿನ ಹೆಸರು ಮಾತ್ರ ಇದ್ದು ಖೋಲಿಯ ನಂಬರಿಲ್ಲದ ಕಾಗದವನ್ನು ಅಂಚೆಯವನು ಹೇಗೆ ಮುಟ್ಟಿಸಿಯಾನು? ಅಂತಹ ಮನೆಗಳಿಗೆ ಹೊರಗಿನಿಂದ ನೇರವಾಗಿ ಬರಲಾಗದು. ಆಗ ಸೇವಾದಾರರಿಂದ ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೇ ಟೈಲ್‌ಸ್ಕೇಲಿನಂತಹ ಮಧ್ಯಸ್ಥ ಸೇವೆಯ ಮೂಲಕ ಸುರಂಗವನ್ನು ಕೂಡಿಸಬೇಕು.

ಇಷ್ಟಾದ ಮೇಲೂ ಎರಡು ನಿತ್ಯಕರ್ಮಗಳಿವೆ. ತಂತ್ರಾಂಶದ ಸುಧಾರಣೆಗಳನ್ನು ಕಾಲಕಾಲಕ್ಕೆ ಅಳವಡಿಸುವುದು ಒಂದು. ಯಾರು, ಯಾವಾಗ, ಎಲ್ಲಿಂದ ಬಂದರು ಎಂದು ಯಂತ್ರವು ಬರೆದಿಡುವ ದಿನಚರಿಯನ್ನು ತಿಂಗಳಿಗೊಮ್ಮೆಯಾದರೂ ಓದುವುದು ಇನ್ನೊಂದು. ಲಾಕರ್ ರಿಜಿಸ್ಟರಿನಲ್ಲಿ ಸಹಿ ಮಾಡಿಸುವುದು ಆಮೇಲೆ ಯಾರೂ ಅದನ್ನು ನೋಡದಿದ್ದರೆ ವ್ಯರ್ಥವಷ್ಟೆ.

ನೆರೆ, ಕಳವು ಮತ್ತು ಕೈತಪ್ಪು

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂದು ನೆಲ ಅಂತಸ್ತಿನ ಮನೆಗಳಲ್ಲಿ ನೀರು ಹೊಕ್ಕು, ಕಪಾಟಿನ ಕೆಳಗಿನ ಅರೆಯ ಕಾಗದಗಳು ಮುದ್ದೆಯಾದುದನ್ನು ಉಪನಗರಗಳ ಜನರು ಮರೆತಿಲ್ಲ. ಕಾಗದಕ್ಕೆ ಬಂದ ಗತಿ ಡಿಸ್ಕಿಗೂ ಬರಬಹುದು. ತಜ್ಞರು ಹೇಳುವ 3-2-1ರ ಸೂತ್ರವು ಇಲ್ಲಿ ಪಾಲನೀಯ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಡೊಂಬಿವಲಿಯ ಯಂತ್ರದ ಪ್ರತಿಯೊಂದು ಪ್ರತಿರಾತ್ರಿ ಬೆಂಗಳೂರಿನ ಮಗಳ ಮನೆಗೆ ಸಂಕೇತಲಿಪಿಯಲ್ಲಿ ಹೋಗುವಂತೆ ಮಾಡಬಹುದು. ಎರಡು ಡಿಸ್ಕುಗಳನ್ನು ಜೋಡಿಸಿ ಒಂದೇ ಸಮಯಕ್ಕೆ ಎರಡರಲ್ಲಿಯೂ ಬರೆಯುವ ರೇಡ್ ವ್ಯವಸ್ಥೆಯನ್ನು ಕೆಲವರು ಸಾಕೆಂದು ಭಾವಿಸುತ್ತಾರೆ. ಅದು ಡಿಸ್ಕು ಕೆಟ್ಟಾಗ ಕಾಯುತ್ತದೆ. ಕೈತಪ್ಪಿ ಅಳಿಸಿದುದನ್ನು ಎರಡರಲ್ಲಿಯೂ ತಪ್ಪದೆ ಅಳಿಸುತ್ತದೆ.

ದುಷ್ಕರ್ಮಿಗಳ ಕಾಟವೂ ಕಲ್ಪನೆಯಲ್ಲ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಆಕ್ರಮಣಕ್ಕೆ ತುತ್ತಾಗಿ, ಹಲವು ದಿನಗಳ ಕಾಲ ಅಲ್ಲಿಯ ಕೆಲಸಗಳು ಕಾಗದದ ಮೇಲೆಯೇ ನಡೆಯಬೇಕಾಯಿತು. ದೊಡ್ಡವರಿಗೇ ಹೀಗಾದ ಮೇಲೆ ಮನೆಯ ಪುಟ್ಟ ಯಂತ್ರವು ತನಗೇನೂ ಆಗದೆಂದು ನಂಬುವುದು ಸರಿಯಲ್ಲ. ಹಳೆಯ ತಾರೀಖಿನ ಪ್ರತಿಗಳನ್ನು, ಬಳಕೆದಾರರ ಖಾತೆಗಳಿಂದ ಮುಟ್ಟಲಾಗದ ಎಡೆಯಲ್ಲಿ, ಕೆಲವು ವಾರಗಳವರೆಗಾದರೂ ಇಟ್ಟಿರಬೇಕು. ವರ್ಷಕ್ಕೆರಡು ಬಾರಿ ಪ್ರತಿಯಿಂದ ಒಂದು ಕಡತವನ್ನು ನಿಜವಾಗಿಯೂ ಮರಳಿ ತೆಗೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬುವುದು, ಎಣಿಸದೆ ನಗದನ್ನು ಸ್ವೀಕರಿಸಿದಂತೆ.

ಇದಲ್ಲದೆ ಒಂದು ಕಾಗದವು ಕಾಗದವಾಗಿಯೇ ಉಳಿಯಬೇಕು. ಹಿರಿಯರ ಹೆಸರು, ರಕ್ತದ ಗುಂಪು, ಈಗ ಸೇವಿಸುತ್ತಿರುವ ಔಷಧಗಳು ಮತ್ತು ಪ್ರಮಾಣ, ಒಗ್ಗದ ಔಷಧಗಳು, ಹಿಂದಿನ ಶಸ್ತ್ರಚಿಕಿತ್ಸೆಗಳು, ಪೇಸ್‌ಮೇಕರ್ ಅಥವಾ ಸ್ಟೆಂಟಿನ ವಿವರ, ಇತ್ತೀಚಿನ ಕ್ರಿಯಾಟಿನಿನ್, ಮಧುಮೇಹದ ಕಳೆದ ಎರಡು-ಮೂರು ತಿಂಗಳ ಹತೋಟಿಯನ್ನು ತಿಳಿಸುವ ಎಚ್‌ಬಿಎ1ಸಿ, ವೈದ್ಯರ ದೂರವಾಣಿ ಇಷ್ಟನ್ನು ಒಂದೇ ಪುಟದಲ್ಲಿ ಮುದ್ರಿಸಿ, ತಾರೀಖು ಹಾಕಿ, ಒಂದನ್ನು ಹಿರಿಯರ ಜೇಬಿನಲ್ಲಿಯೂ ಒಂದನ್ನು ಬಾಗಿಲ ಬಳಿಯೂ ಇಡಬೇಕು. ಎದೆನೋವು ಬಂದಾಗ ಸರ್ವರನ್ನು ತೆರೆಯುತ್ತ ಕುಳಿತುಕೊಳ್ಳಬಾರದು. ಮೊದಲು ಆಸ್ಪತ್ರೆಗೆ ಹೊರಡಬೇಕು. ಕಡತಗಳನ್ನು ದಾರಿಯಲ್ಲಿರುವಾಗ ಬೆಂಗಳೂರಿನ ಮಗಳು ಕಳುಹಿಸಬಲ್ಲಳು; ಹಲವರಿಗೆ ಪ್ರವೇಶ ಕೊಟ್ಟುದರ ಸಾರ್ಥಕತೆ ಅದೇ.

ನಾಮನಿರ್ದೇಶನ

ಯಂತ್ರವನ್ನು ಹೂಡಿದವನೇ ಇಲ್ಲವಾದರೆ? ಈ ಪ್ರಶ್ನೆಯನ್ನು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಬ್ಯಾಂಕು ಠೇವಣಿಗಳಿಗೆ 1985ರ ನಿಯಮಗಳ ಕಾಲದಿಂದ ನಾಮನಿರ್ದೇಶನದ ಸೌಲಭ್ಯವಿದೆ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ಮನೆಯ ಸರ್ವರಿಗೆ ಅಂತಹ ಫಾರಮು ಇಲ್ಲ. ಅದನ್ನು ಕುಟುಂಬವೇ ಮಾಡಿಕೊಳ್ಳಬೇಕು. ಅದರಲ್ಲಿಯೂ ಕಳವಿನ ಭಯದಿಂದ ಡಿಸ್ಕನ್ನೇ ಸಂಕೇತಲಿಪಿಯಲ್ಲಿ ಮುಚ್ಚಿದ್ದರೆ, ಅದರ ಪದವಾಕ್ಯವನ್ನು ಬಲ್ಲವನು ಒಬ್ಬನೇ ಆಗಿ, ಅವನಿಗೆ ಏನಾದರೂ ಆದರೆ, ಹನ್ನೆರಡು ವರ್ಷಗಳ ಕಾಗದಗಳು ಶಾಶ್ವತವಾಗಿ ಮುಚ್ಚಿಹೋದಂತೆಯೇ.

ಮೇಲ್ವಿಚಾರಕನ ಗುಪ್ತಪದ, ಡಿಸ್ಕಿನ ಪದವಾಕ್ಯ, ಪ್ರತಿಗಳಿರುವ ಸ್ಥಳ ಇವುಗಳನ್ನು ಕೈಯಿಂದ ಬರೆದು, ಲಕೋಟೆಯಲ್ಲಿಟ್ಟು ಅರಗು ಹಾಕಿ, ಬ್ಯಾಂಕಿನ ಲಾಕರಿನಲ್ಲಿ ಇಡಬಹುದು. ಮನೆಯಲ್ಲಿ ಕನಿಷ್ಠಪಕ್ಷ ಇಬ್ಬರಿಗೆ ಇದು ತಿಳಿದಿರಬೇಕು. ಶಾಖೆಯ ನಗದು ಮ್ಯಾನೇಜರ್ ಮತ್ತು ಕ್ಯಾಷಿಯರ್ ಇಬ್ಬರ ಜಂಟಿ ವಶದಲ್ಲಿರುವುದು ಪರಸ್ಪರ ಅಪನಂಬಿಕೆಯಿಂದಲ್ಲ. ಒಬ್ಬರ ಮೇಲೆಯೇ ಎಲ್ಲ ಭಾರವೂ ಬೀಳಬಾರದೆಂಬ ವಿವೇಕದಿಂದ. ಮದುವೆಯಾಗಿ ಹೋದವರು, ದೂರವಾದವರು, ತೀರಿಕೊಂಡವರು ಇವರ ಖಾತೆಗಳನ್ನೂ ವರ್ಷಕ್ಕೊಮ್ಮೆ ಪರಿಶೀಲಿಸಿ, ಬೇಡವಾದುದನ್ನು ಮುಚ್ಚಬೇಕು. ಗತಿಸಿದವರ ಆರೋಗ್ಯದ ಕಡತಗಳನ್ನು ಉಳಿಸಬೇಕೇ ಎಂಬುದನ್ನೂ ಆಗಲೇ ನಿರ್ಧರಿಸಬಹುದು. ವಂಶದಲ್ಲಿ ಹರಿದುಬರುವ ವ್ಯಾಧಿಗಳ ವಿಷಯದಲ್ಲಿ ಅವು ಮೊಮ್ಮಕ್ಕಳಿಗೆ ಉಪಕರಿಸಬಲ್ಲವು.

ಈ ಕಾರ್ಯವೆಲ್ಲ ಒಂದು ಭಾನುವಾರದಲ್ಲಿ ಮುಗಿಯುವಂತಹುದಲ್ಲ. ನಾಲ್ಕೈದು ಭಾನುವಾರಗಳಲ್ಲಿ ಮುಗಿಯುವಂತಹುದು. ಮೊದಲನೆಯ ವಾರ ಚೀಲದ ಕಾಗದಗಳನ್ನು ತಾರೀಖಿನ ಅನುಕ್ರಮದಲ್ಲಿ ಜೋಡಿಸಿ ಚಿತ್ರ ತೆಗೆಯುವುದು, ಎರಡನೆಯ ವಾರ ಖಾತೆಗಳು ಮತ್ತು ಕೋಶಗಳು, ಮೂರನೆಯ ವಾರ ಕೀಲಿಗಳು ಮತ್ತು ಸುರಂಗ, ನಾಲ್ಕನೆಯ ವಾರ ಪ್ರತಿಗಳು ಮತ್ತು ಪರೀಕ್ಷೆ, ಐದನೆಯ ವಾರ ಲಕೋಟೆ. ತಾಂತ್ರಿಕ ಕೆಲಸಕ್ಕೆ ಕಾಲೇಜು ಓದುವ ಮೊಮ್ಮಗನೋ ಮೊಮ್ಮಗಳೋ ನೆರವಾಗಬಲ್ಲರು. ಅದು ಆಗದವರು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಗೃಹಸಂಗ್ರಹದ ಪೆಟ್ಟಿಗೆಯನ್ನು ಕೊಳ್ಳಬಹುದು. ಅಲ್ಲಿಯೂ ಖಾತೆ, ಗುಂಪು, ಹಕ್ಕು, ಪ್ರತಿ ಎಂಬ ಇವೇ ನಾಲ್ಕು ಪ್ರಶ್ನೆಗಳು ಎದುರಾಗುತ್ತವೆ. ಸರಕಾರಿ ಪ್ರಮಾಣಪತ್ರಗಳಿಗೆ 2015ರಿಂದ ಇರುವ ಡಿಜಿಲಾಕರ್ ಸೌಲಭ್ಯವನ್ನೂ ಜೊತೆಗೆ ಬಳಸಿಕೊಳ್ಳಬಹುದು.

ಈ ನಾಲ್ಕು ಪ್ರಶ್ನೆಗಳಲ್ಲಿ ಕಠಿಣವಾದುದು ಮೂರನೆಯದು, ಹಕ್ಕಿನದು. ಅದಕ್ಕೆ ಮೊಮ್ಮಕ್ಕಳ ಬಳಿ ಉತ್ತರವಿಲ್ಲ, ಅಜ್ಜ ಅಜ್ಜಿಯರ ಬಳಿ ಇದೆ. ಆದುದರಿಂದ ಯಂತ್ರವನ್ನು ಕೊಳ್ಳುವ ಮುನ್ನವೇ ಆ ಮಾತನ್ನು ಆಡಿ ಮುಗಿಸುವುದು ಕ್ಷೇಮ. ಹಿರಿಯರಿಗೆ ಉತ್ತರ ಹೇಳುವ ಚೈತನ್ಯವಿರುವಾಗಲೇ ಅವರನ್ನು ಕೇಳಬೇಕು.